ಅಮಾವಾಸ್ಯೆಯಲ್ಲದ ದಿನದ ಸಮುದ್ರ

ಸಮುದ್ರದ ಹತ್ತಿರ ಹೋದರೆ, ಚಪ್ಪಲಿ ಕಳಚುವ ಮೊದಲು ನಾನು ತಿಥಿ ಕೇಳುತ್ತೇನೆ. ಕೇಳಿ ಆಗಬೇಕಾದ್ದೇನೂ ಇಲ್ಲ, ಯಾವ ತಿಥಿಯಾದರೂ ಈಗ ನೀರಿಗೆ ಇಳಿಯುವವಳೇ. ಆದರೂ "ಇವತ್ತು ತಿಥಿ ಯಾವುದು?" ಎಂದು ಬಾಯಿಂದ ಬಂದೇ ಬರುತ್ತದೆ. ಮೊನ್ನೆ ಮೊಮ್ಮಗಳು, "ಯಾಕಜ್ಜಿ, ಇವತ್ತು ಸಮುದ್ರದ ಬರ್ತ್‌ಡೇಯಾ?" ಎಂದು ಕೇಳಿದಳು. ಅವಳಿಗೆ ಇದರ ಕತೆ ಹೇಳಲು ಹೊರಟರೆ ಅರ್ಧದಲ್ಲಿ ಎದ್ದು ಹೋಗುತ್ತಾಳೆ. ನೀವು ಹೇಗೂ ಕೂತಿದ್ದೀರಿ, ನಿಮಗೇ ಹೇಳುತ್ತೇನೆ.

ನಮ್ಮ ಮನೆ ಇದ್ದದ್ದು ಕುಂಬಳೆಯ ಹತ್ತಿರ, ಸಮುದ್ರಕ್ಕೆ ಕೂಗಳತೆಯ ದೂರದಲ್ಲಿ. ಮಳೆಗಾಲದಲ್ಲಿ ಅದರ ಬೊಬ್ಬೆ ಎಷ್ಟೆಂದರೆ, ಒಳಗೆ ಏನಾದರೂ ಮಾತಾಡುವುದಿದ್ದರೆ ಒಂದು ತೆರೆ ಒಡೆದು ಇನ್ನೊಂದು ಬರುವುದರೊಳಗೆ ಮುಗಿಸಬೇಕು. ನನ್ನ ಅಮ್ಮನಿಗೆ ಚುರುಕಾಗಿ, ತುಂಡು ತುಂಡಾಗಿ ಮಾತಾಡುವ ಅಭ್ಯಾಸ ಬಂದದ್ದು ಹಾಗೆಯೇ ಇರಬೇಕು. ಇಷ್ಟು ಹತ್ತಿರ ಇದ್ದರೂ ಆ ಸಮುದ್ರವನ್ನು ಮುಟ್ಟುವ ಹಾಗಿಲ್ಲ. ಅಮಾವಾಸ್ಯೆಯ ದಿನ ಮಾತ್ರ ಮುಟ್ಟಬಹುದು, ಉಳಿದ ದಿನ ದೂರದಿಂದ ಕೈ ಮುಗಿಯಬೇಕು. ಇದು ಹಿರಿಯರು ಹೇಳಿದ್ದು. ಯಾಕೆ ಎಂದು ಕೇಳಬಾರದು ಎಂಬುದನ್ನೂ ಹಿರಿಯರೇ ಹೇಳಿದ್ದರು.

ಅಮಾವಾಸ್ಯೆಯ ಬೆಳಿಗ್ಗೆ ಮನೆಯ ಹೆಂಗಸರು ಸಾಲಾಗಿ ಹೋಗುತ್ತಿದ್ದರು. ಒಬ್ಬರ ಕೈ ಒಬ್ಬರು ಹಿಡಿದು ನಿಲ್ಲುವುದು, ದೊಡ್ಡಮ್ಮ ಹಿಂದಿನಿಂದ ತೆರೆ ನೋಡಿ "ಈಗ" ಎಂದಾಗ ಮುಳುಗುವುದು, "ಏಳಿ" ಎಂದಾಗ ಏಳುವುದು, ಕಣ್ಣು ಮೂಗು ಕಿವಿ ತುಂಬ ಹೊಯಿಗೆ, ಅಂದರೆ ಮರಳು, ತುಂಬಿಕೊಂಡು ಮನೆಗೆ ಓಡುವುದು. ಅದರ ಹೆಸರು ಸಮುದ್ರಸ್ನಾನ. ಮಿಂದು ಬಂದ ಮೇಲೆ ಆ ಹೊಯಿಗೆ ಹೋಗಲಿಕ್ಕೆ ಬಾವಿಕಟ್ಟೆಯಲ್ಲಿ ಇನ್ನೊಮ್ಮೆ ಮೀಯಬೇಕಿತ್ತು. ನಾನಂತೂ ಉಳಿದ ದಿನಗಳಲ್ಲಿ ಸಮುದ್ರವನ್ನು ಮುಚ್ಚಿಡುತ್ತಾರೆ, ಭಾನುವಾರ ಅಂಚೆ ಕಚೇರಿ ಮುಚ್ಚಿದ ಹಾಗೆ, ಎಂದು ಎಷ್ಟೋ ಕಾಲ ನಂಬಿದ್ದೆ.

ನನ್ನ ಅಪ್ಪಯ್ಯ ಕಾಸರಗೋಡಿನಲ್ಲಿ ಸರಕಾರಿ ಗುಮಾಸ್ತರು. ಗಡಿಗಳು ಬದಲಾಗಿ ನಮ್ಮ ತಾಲೂಕು ಕೇರಳಕ್ಕೆ ಸೇರಿತಲ್ಲ, ಆಗ ನಮ್ಮ ಊರಿನ ಜಾಗದ ಕಾಗದಪತ್ರಗಳೆಲ್ಲ ಕಟ್ಟುಕಟ್ಟಾಗಿ ದಕ್ಷಿಣಕ್ಕೆ ಹೋದವು. ಅಲ್ಲಿ ಅವನ್ನು ಬಿಚ್ಚಿದವರಿಗೆ ಒಂದಕ್ಷರ ಓದಲಿಕ್ಕೆ ಬರಲಿಲ್ಲ. ಆದ್ದರಿಂದ ಕನ್ನಡ ಬಲ್ಲ ಅಪ್ಪಯ್ಯನೂ ಕಾಗದದ ಹಿಂದೆಯೇ ಹೋಗಬೇಕಾಯಿತು. ಮೊದಲು ಎಂಟು ತಿಂಗಳು ಕೊಚ್ಚಿಯಲ್ಲಿ ಒಬ್ಬರೇ ಇದ್ದರು. ಹೋಟೆಲಿನ ಊಟ. ದೀಪಾವಳಿಗೆ ಮನೆಗೆ ಬಂದಾಗ ಅವರ ಅಂಗಿಯೊಳಗೆ ಇನ್ನೊಬ್ಬರು ಹಿಡಿಯುವಷ್ಟು ಜಾಗ ಇತ್ತು. ಅಮ್ಮ ನಾಲ್ಕು ದಿನವೂ ಎರಡು ಹೊತ್ತು ತುಪ್ಪ ಬಡಿಸಿದಳು. ಆಮೇಲೆ ತಿರುವನಂತಪುರಕ್ಕೆ ವರ್ಗವಾದಾಗ ಆರ್ಡರು ಕೈಗೆ ಸಿಕ್ಕಿದ ಮೂರನೇ ದಿನಕ್ಕೆ ನಾವು ಮೂವರೂ ರೈಲು ಹತ್ತಿ, ಬಸ್ಸು ಹತ್ತಿ ಹೋದೆವು. ನನಗೆ ಆಗ ಹನ್ನೊಂದು ವರ್ಷ.

ನನಗೆ ತಿರುವನಂತಪುರ ಒಂದು ವಾರದಲ್ಲಿ ಒಗ್ಗಿತು. ಎರಡು ತಿಂಗಳಲ್ಲಿ ನಾನು ಕನಸಿನಲ್ಲೂ ಮಲಯಾಳದಲ್ಲೇ ಜಗಳ ಮಾಡುತ್ತಿದ್ದೆನಂತೆ. ಅಮ್ಮ ಕನ್ನಡದಲ್ಲಿ ಕೇಳಿದ್ದಕ್ಕೆ ಮಲಯಾಳದಲ್ಲಿ ಉತ್ತರ ಹೇಳಿ ಎಷ್ಟೋ ಸಲ ಬೈಸಿಕೊಂಡಿದ್ದೇನೆ. ಅಮ್ಮನಿಗೆ ಮಾತ್ರ ಒಗ್ಗಲಿಲ್ಲ. ಅನ್ನ ಅದೇ ಕುಚ್ಚಲಕ್ಕಿಯದ್ದು, ಎಣ್ಣೆ ಅದೇ ತೆಂಗಿನದ್ದು, ಬಾವಿಯ ನೀರು ನಮ್ಮದಕ್ಕಿಂತ ಸಿಹಿ. ದೂರುವುದಕ್ಕೂ ಏನೂ ಸಿಕ್ಕದೆ ಅವಳು ಇನ್ನಷ್ಟು ಬಾಡಿದಳು. ಊರಲ್ಲಿ ಬೆಳಗಿನಿಂದ ಬೈಗಿನವರೆಗೆ ಬಾಯಿ ಮುಚ್ಚದ ಹೆಂಗಸು ಇಲ್ಲಿ ಮಾತಾಡುತ್ತಿದ್ದದ್ದು ಬಾವಿಯ ರಾಟೆಯ ಹತ್ತಿರ. "ಕಿರಿಕಿರಿ ಮಾಡಬೇಡ, ನಂಗೂ ಬೇಜಾರುಂಟು" ಎಂದು ಅದಕ್ಕೆ ಹೇಳುವುದನ್ನು ನಾನೇ ಕೇಳಿದ್ದೇನೆ.

ಪಕ್ಕದ ಮನೆಯಲ್ಲಿ ಭಾರ್ಗವಿಯಮ್ಮ ಎಂಬ ವಿಧವೆ ಇದ್ದರು. ಬೇಲಿಯ ಹತ್ತಿರ ನಿಂತು ಅಮ್ಮನ ಜೊತೆ ಮಲಯಾಳದಲ್ಲಿ ಜೋರಾಗಿ ಮಾತಾಡುವರು. ಜೋರಾಗಿ ಹೇಳಿದರೆ ಅದು ತನ್ನಿಂತಾನೇ ಕನ್ನಡವಾದೀತು ಎಂದು ಅವರ ನಂಬಿಕೆ. ಅಮ್ಮನೂ ಅಷ್ಟೇ ಜೋರಾಗಿ ಕನ್ನಡದಲ್ಲಿ ಒಂದು ಮಾತು ಹೇಳಿ ಒಳಗೆ ಬರುವಳು.

ಒಂದು ದಿನ ಊಟದ ಹೊತ್ತಿಗೆ ಅಮ್ಮ, ಸಾರು ಬಡಿಸಿದಷ್ಟೇ ಸಲೀಸಾಗಿ, "ಸುಮತಿಯ ಪರೀಕ್ಷೆ ಮುಗಿದ ಮೇಲೆ ನಾನೂ ಅವಳೂ ಊರಿಗೆ. ವಿಷು ಹಬ್ಬಕ್ಕೆ ಅಲ್ಲಿರಬೇಕು," ಎಂದಳು.

"ವಿಷು ಮುಗಿಸಿ ಬರ್ತೀರಲ್ಲ?" ಎಂದರು ಅಪ್ಪಯ್ಯ.

"ಬರುವುದಿಲ್ಲ. ಅವಳು ಅಲ್ಲೇ ಶಾಲೆಗೆ ಹೋಗ್ಲಿ. ನನ್ನಿಂದ ಆಗುವುದಿಲ್ಲ ಇಲ್ಲಿ."

ಅಪ್ಪಯ್ಯ ತಲೆ ಆಡಿಸಿದರು. ಅನ್ನ ಕಲಸಿದರು. ಕಲಸುತ್ತಲೇ ಇದ್ದರು. ನನಗೆ ಹೋಟೆಲಿನ ಊಟವೂ ಆ ಅಂಗಿಯೂ ಕಣ್ಣಿಗೆ ಕಟ್ಟಿದವು. ಸುಳ್ಳು ಯಾಕೆ, ಅದರ ಜೊತೆಗೆ ಶಾಲೆಯಲ್ಲಿ ನನಗೆ ಆಗಷ್ಟೇ ಸಿಕ್ಕಿದ್ದ ಗೆಳತಿಯರೂ ಕಣ್ಣಿಗೆ ಕಟ್ಟಿದರು. ಯಾವುದು ಮೊದಲು ಎಂದು ಈಗ ಕೇಳಬೇಡಿ.

ಸಮುದ್ರಕ್ಕೆ ಹೋಗುವ ಯೋಚನೆ ಬಂದದ್ದು ಭಾರ್ಗವಿಯಮ್ಮನಿಂದ. ಅವರು ಹುಟ್ಟಿದ್ದು ವಿಳಿಂಜಂ ಬಂದರಿನ ಹತ್ತಿರ. "ಒಂದು ಭಾನುವಾರ ಕರಕೊಂಡು ಹೋಗುವ. ಕಡಲು ನೋಡಿದರೆ ಇವರ ಮುಖ ಸರಿಯಾದೀತು," ಎಂದು ಅಪ್ಪಯ್ಯನಿಗೆ ಬೇಲಿಯಾಚೆಯಿಂದ ಹೇಳಿದರು. ಕಡಲಿನ ಪಕ್ಕದವಳು ಕಡಲಿಲ್ಲದೆ ಬಾಡಿದ್ದಾಳೆ ಎಂದು ಅವರ ಲೆಕ್ಕ. ಅಪ್ಪಯ್ಯನಿಗೆ ಆಗ ಯಾರು ಏನು ಹೇಳಿದರೂ ಹೌದೆನಿಸುತ್ತಿತ್ತು.

ಹೋದೆವು. ಕೋಟೆಯ ಹತ್ತಿರ ಬಸ್ಸು, ಬಾಳೆಲೆಯಲ್ಲಿ ಕಟ್ಟಿದ ಮೊಸರನ್ನ, ಮಿಡಿ ಉಪ್ಪಿನಕಾಯಿ. ಬಸ್ಸಿಳಿದು ಕೇರಿಯ ಒಳಗಿಂದ ನಡೆಯುವಾಗ ಎರಡೂ ಕಡೆ ಚಾಪೆಯ ಮೇಲೆ ಮೀನು ಒಣಹಾಕಿದ್ದರು. ಅಮ್ಮ ಸೆರಗಿನಿಂದ ಮೂಗು ಮುಚ್ಚಿದಳು. ಉಸಿರು ಕಟ್ಟಿತೆಂದು ತೆಗೆದಳು. ಮತ್ತೆ ಮುಚ್ಚಿದಳು. ಒಂದು ಕಡೆ ಮಸೀದಿ, ಇನ್ನೊಂದು ಕಡೆ ಇಗರ್ಜಿ, ಮಧ್ಯೆ ಬಂದರು. ಬಂದರನ್ನು ದಾಟಿ ಬಂಡೆಗಳ ಸಂದಿಯಲ್ಲಿ ಇಳಿದರೆ ಆ ಪುಟ್ಟ ಕಡಲತೀರ.

ಎರಡು ಕಡೆಯಿಂದ ಕಪ್ಪು ಬಂಡೆಗಳು ಕೈ ಚಾಚಿ ನೀರನ್ನು ತಬ್ಬಿಕೊಂಡ ಹಾಗೆ ಇತ್ತು. ನಮ್ಮ ಮನೆಯಂಗಳಕ್ಕಿಂತ ಸ್ವಲ್ಪ ಅಗಲದ ಹೊಯಿಗೆ. ಬಂಡೆಗಳ ಆಚೆ ತೆರೆ ಒಡೆಯುವುದು ಕಾಣುತ್ತಿತ್ತು, ಈಚೆಗೆ ಬರುವಷ್ಟರಲ್ಲಿ ಅದರ ಸಿಟ್ಟು ಇಳಿದಿರುತ್ತಿತ್ತು. ನೀರು ದಡಕ್ಕೆ ಬಂದು, ಪಾತ್ರೆಯಿಂದ ಚೆಲ್ಲಿದ ಗಂಜಿಯ ಹಾಗೆ ಮೆಲ್ಲಗೆ ಹರಡಿ, ಹಿಂದೆ ಹೋಗುತ್ತಿತ್ತು. ಸಮುದ್ರ ಇಷ್ಟು ಮೆತ್ತಗೆ ಇರಬಹುದು ಎಂದು ನಾವು ಯಾರೂ ಎಣಿಸಿರಲಿಲ್ಲ. ಅಮ್ಮ ಮೂಗಿನ ಸೆರಗು ತೆಗೆದು ಸುಮ್ಮನೆ ನಿಂತಳು. ಭಾರ್ಗವಿಯಮ್ಮ ಅಷ್ಟರಲ್ಲಿ ಮುಂಡು ಎತ್ತಿ ಕಟ್ಟಿ ಮೊಣಕಾಲು ನೀರಿನಲ್ಲಿದ್ದರು. ನಾನು ಓಡಿದೆ.

"ಸುಮತೀ, ನಿಲ್ಲು. ಇವತ್ತು ತಿಥಿ ಯಾವುದು?"

ಎಂಥ ಹೊತ್ತಿನಲ್ಲಿ ಅಮ್ಮ ಏನು ಕೇಳಿದಳು ನೋಡಿ. ಬೀಳಬೇಕಾದ ಕಾಲು ಗಾಳಿಯಲ್ಲೇ ನಿಂತಿತು. ಅಪ್ಪಯ್ಯ ಮನಸ್ಸಿನಲ್ಲೇ ಎಣಿಸಿ, "ದಶಮಿ," ಎಂದರು.

"ದಶಮಿಗೆ ಸಮುದ್ರ ಮುಟ್ಟಲಿಕ್ಕುಂಟಾ?"

ಇಲ್ಲಿ ಅಪ್ಪಯ್ಯನ ಬಗ್ಗೆ ಒಂದು ಮಾತು. ದಿನವಿಡೀ ಕಾಯಿದೆಯ ಕಾಗದ ಓದಿ ಓದಿ ಅವರು ಮನೆಯಲ್ಲೂ ಕಾಯಿದೆಯ ಹಾಗೆಯೇ ಮಾತಾಡುತ್ತಿದ್ದರು. ಗಂಟಲು ಸರಿಮಾಡಿಕೊಂಡು, "ಇಗೊ, ಮೊದಲು ಸಮುದ್ರ ಎಂದರೆ ಎಂತದು ಅಂತ ನೋಡ್ಬೇಕು," ಎಂದರು. "ಮಿತಿಯಿಲ್ಲದ್ದು ಸಮುದ್ರ. ಇದಕ್ಕೆ ಎರಡು ಕಡೆ ಬಂಡೆಯ ಮಿತಿ ಉಂಟು. ಆದ್ದರಿಂದ ಬಂಡೆಯ ಆಚೆಗಿನದ್ದು ಸಮುದ್ರ, ಈಚೆಗಿನದ್ದು ಒಂದು ದೊಡ್ಡ ಕೆರೆ ಅಂತ ಇಟ್ಟುಕೊಳ್ಳಬಹುದು."

"ಕೆರೆಯ ನೀರು ಉಪ್ಪಾ?"

"ಉಪ್ಪು ಅಂತ ನೀನು ಹೇಗೆ ಹೇಳ್ತೀ? ರುಚಿ ನೋಡಿದ್ದೀಯಾ?"

"ರುಚಿ ನೋಡಲಿಕ್ಕೆ ಮುಟ್ಟಬೇಕಲ್ಲ. ಮುಟ್ಟುವ ಹಾಗೆ ಇಲ್ಲವಲ್ಲ."

ಉಪ್ಪು ಎಂಬ ಮಾತು ಮಲಯಾಳದಲ್ಲೂ ಅದೇ. ಭಾರ್ಗವಿಯಮ್ಮ ನೀರಿನಿಂದಲೇ ಉಪ್ಪೋ ಉಪ್ಪು ಎಂದು ಕೂಗಿ ಹೇಳಿದರು. ನೀರಲ್ಲಿ ನಿಂತವರ ಸಾಕ್ಷಿ ನಡೆಯುವುದಿಲ್ಲ, ಮೂರನೆಯವರು ಯಾರಾದರೂ ಬೇಕು ಎಂದು ಅಪ್ಪಯ್ಯ ಸುತ್ತ ನೋಡಿದರು.

ಮೇಲೆಳೆದಿಟ್ಟ ದೋಣಿಯ ನೆರಳಿನಲ್ಲಿ ಒಬ್ಬರು ಮುದುಕರು ಕೂತು ಬೀಡಿ ಸೇದುತ್ತಿದ್ದರು. ಕುತ್ತಿಗೆಯಲ್ಲಿ ಕಪ್ಪು ದಾರ, ಅದರಲ್ಲಿ ಸಣ್ಣ ಶಿಲುಬೆ. ಹೆಸರು ಪತ್ರೋಸ್ ಎಂದು ಆಮೇಲೆ ತಿಳಿಯಿತು. ಅಪ್ಪಯ್ಯ ಅವರ ಮುಂದೆ ನಿಂತು ತಮ್ಮ ಕಚೇರಿಯ ಮಲಯಾಳದಲ್ಲಿ, ಸರಕಾರಿ ಸುತ್ತೋಲೆ ಓದಿದ ಹಾಗೆ, ಮೇಲ್ಕಾಣಿಸಿದ ಜಲವು ಕಡಲಿಗೆ ಸೇರಿದ್ದೋ ಅಲ್ಲವೋ ಎಂದು ಕೇಳಿದರು.

ಮುದುಕರು ನೀರನ್ನು ನೋಡಿದರು. ಅಪ್ಪಯ್ಯನನ್ನು ನೋಡಿದರು. "ಸಾರೇ, ಹುಟ್ಟಿದಂದಿನಿಂದ ಇದರಲ್ಲೇ ಇದ್ದೇನೆ. ಇದು ಎಂತ ಅಂತ ಕೇಳಿದವರು ನೀವೇ ಮೊದಲು," ಎಂದರು.

ಭಾರ್ಗವಿಯಮ್ಮ ಮೇಲೆ ಬಂದು, ನನ್ನಿಂದ ಕೇಳಿ ತಿಳಿದು, ವಿಷಯ ವಿವರಿಸಿದರು: ಇವರು ವಡಕ್ಕಿನವರು, ಉತ್ತರದ ಕಡೆಯವರು, ಇವರಿಗೆ ಎಲ್ಲ ದಿನ ಕಡಲು ಮುಟ್ಟಲಿಕ್ಕಿಲ್ಲವಂತೆ. ನಗುತ್ತಾರೆ ಎಂದು ನಾನು ನಾಚಿಕೆಯಿಂದ ಕಾಲಿನಲ್ಲಿ ಹೊಯಿಗೆ ಕೆದಕುತ್ತಿದ್ದೆ. ಮುದುಕರು ನಗಲಿಲ್ಲ. "ನಮಗೂ ಇವತ್ತು ಇಲ್ಲ," ಎಂದರು. "ಭಾನುವಾರ. ದೋಣಿ ಮೇಲೆ ಉಂಟು ನೋಡಿ. ಎಷ್ಟೇ ಮೀನಿರಲಿ, ಇವತ್ತು ನಾವು ಇಳಿಯುವುದಿಲ್ಲ."

"ಎಂತ ಹೇಳಿದರು?" ಎಂದು ಅಮ್ಮ ನನ್ನನ್ನು ಕೇಳಿದಳು. ಮನೆಯಲ್ಲಿ ಸರಕಾರದ ಸಂಬಳ ಪಡೆಯುವ ಭಾಷಾಂತರಕಾರರು ಇದ್ದರೂ ಅಮ್ಮನ ನಂಬಿಕೆ ನನ್ನ ಮೇಲೆ. ಹೇಳಿದೆ. ಅಮ್ಮನ ಮುಖ ಮೂರು ತಿಂಗಳಲ್ಲಿ ಮೊದಲ ಸಲ ಅರಳಿತು.

"ನೋಡಿ," ಎಂದಳು ಅಪ್ಪಯ್ಯನಿಗೆ. "ಅವರಿಗೂ ಉಂಟು. ಕ್ರಮ ಇರುವವರ ಹತ್ತಿರ ಹೋಗಿ ನೀವು ಕೆರೆ ಅಂತ ವಾದ ಮಾಡ್ತೀರಿ."

ಅಪ್ಪಯ್ಯ ಕೇಸು ಸೋತ ವಕೀಲರ ಹಾಗೆ ಒಂದು ಬಂಡೆಯ ಮೇಲೆ ಕೂತರು. ನಾವು ಹೊಯಿಗೆಯ ಮೇಲೆ, ನೀರಿನಿಂದ ನಾಲ್ಕು ಮೊಳ ದೂರದಲ್ಲಿ, ಎಲೆ ಬಿಚ್ಚಿದೆವು. ಅಮ್ಮ ಪತ್ರೋಸಜ್ಜನಿಗೂ ಒಂದು ಎಲೆಯಲ್ಲಿ ಮೊಸರನ್ನ ಕೊಟ್ಟಳು. ಮಿಡಿ ಉಪ್ಪಿನಕಾಯಿ ಕಚ್ಚಿ ಅವರ ಒಂದು ಕಣ್ಣು ತಾನಾಗಿ ಮುಚ್ಚಿತು. ಇನ್ನೊಂದು ಬೇಕೆಂದು ಕೈ ಚಾಚಿದರು. ಉಣ್ಣುತ್ತ, "ಅಮ್ಮ ಬಂದು ಎಷ್ಟು ದಿನವಾಯಿತು? ಊರು ಹಿಡಿಸಿತೋ?" ಎಂದು ಕೇಳಿದರು.

ಸುಮ್ಮನೆ ಕೇಳುವ ಮಾತು ಅದು. ಹಿಡಿಸಿತು ಎಂದರೆ ಮುಗಿಯುತ್ತಿತ್ತು. ನಾನು ಅದನ್ನು ಕನ್ನಡದಲ್ಲಿ ಹೇಳಿದ್ದೇ ತಡ, ಅಮ್ಮ ಕೈಯಲ್ಲಿದ್ದ ತುತ್ತು ಎಲೆಗೆ ಇಳಿಸಿ ಹೇಳಲು ಸುರು ಮಾಡಿದಳು. ಹೇಗೆ ಹಿಡಿಸ್ತದೆ? ನಮ್ಮಲ್ಲಿ ತವರಿಗೆ ಹೋಗಲಿಕ್ಕೂ ದಿನ ನೋಡ್ತಾರೆ, ಬರಲಿಕ್ಕೂ ನೋಡ್ತಾರೆ. ಇಲ್ಲಿಗೆ ಹೊರಟದ್ದು ಮಂಗಳವಾರ. ಹೊಸ್ತಿಲು ದಾಟಿದ್ದು ಬುಧವಾರ ಮಧ್ಯಾಹ್ನ, ನಟ್ಟನಡು ರಾಹುಕಾಲ. "ಒಂದು ಗಳಿಗೆ ತಡೆಯಿರಿ ಅಂತ ಹೇಳಿದೆ ನಾನು. ಗಾಡಿಯವ ಕಾಯುವುದಿಲ್ಲ ಅಂತ ಇವರು ಪೆಟ್ಟಿಗೆ ಒಳಗೆ ಇಟ್ಟೇ ಬಿಟ್ಟರು. ದೀಪ ಇಲ್ಲ, ಹಾಲು ಉಕ್ಕಿಸಲಿಲ್ಲ. ಅದು ಮನೆಗೆ ಬಂದದ್ದಾ? ಗೋದಾಮಿಗೆ ಸಾಮಾನು ಇಳಿಸಿದ ಹಾಗೆ. ಮೂರು ತಿಂಗಳಿಂದ ನಾನು ಆ ಮನೆಯೊಳಗೆ ಇದ್ದೇನೆ, ಆದರೆ ಬರಲೇ ಇಲ್ಲ."

ಅಪ್ಪಯ್ಯ ಬೆಪ್ಪಾಗಿ ನೋಡುತ್ತಿದ್ದರು. ಇಷ್ಟು ದಿನ ಅವರು ಬಾವಿ, ಅಡಿಗೆಮನೆ, ನೆರೆಕರೆ ಎಲ್ಲದರಲ್ಲೂ ದೋಷ ಹುಡುಕಿದ್ದರು. ಗಾಡಿಯವನ ನೆನಪೇ ಅವರಿಗಿರಲಿಲ್ಲ. ನಾನು ಎಲ್ಲವನ್ನೂ ಮಲಯಾಳಕ್ಕೆ ತಿರುಗಿಸಿದೆ. ಗೋದಾಮಿಗೆ ಏನು ಹೇಳುವುದೆಂದು ತಿಳಿಯದೆ ಇಲಿ, ಗೋಣಿಚೀಲ ಎಲ್ಲ ಸೇರಿಸಿ ವರ್ಣಿಸಿದೆ. ಭಾರ್ಗವಿಯಮ್ಮ, "ಅಯ್ಯೋ, ಇಷ್ಟೇ ಕಾರ್ಯವಾ? ಬೇಲಿಯಲ್ಲಿ ಎಷ್ಟು ಸಲ ಕೇಳಿದೆ!" ಎಂದರು.

ಪತ್ರೋಸಜ್ಜ ಕೈ ತೊಳೆದು ಬಂದು ದೋಣಿಯ ಅಂಚಿಗೆ ತಟ್ಟಿದರು. "ಇದನ್ನು ಮೊದಲು ಇಳಿಸಿದ್ದು ಕೆಟ್ಟ ದಿನ. ನನ್ನ ತಮ್ಮನಿಗೆ ಅವಸರ. ಎರಡು ವಾರ ಬಲೆಗೆ ಒಂದು ಒಳ್ಳೆಯ ಮೀನು ಬೀಳಲಿಲ್ಲ. ದೋಣಿ ಸುಟ್ಟು ಹಾಕಿದೆವಾ? ಮೇಲೆ ಎಳೆದೆವು, ತೊಳೆದೆವು, ಒಳ್ಳೆಯ ದಿನ ನೋಡಿ ಮತ್ತೆ ಇಳಿಸಿದೆವು. ಹಿಂದೆ ಇಳಿದದ್ದು ಲೆಕ್ಕಕ್ಕಿಲ್ಲ."

ನಾನು ಇದನ್ನು ಹೇಳಿ ಮುಗಿಸುವಾಗ ಅಮ್ಮ ಕಣ್ಣು ಸಣ್ಣ ಮಾಡಿ ಬೆರಳು ಮಡಚುತ್ತಿದ್ದಳು. "ಇವತ್ತು ನಕ್ಷತ್ರ ಪುಷ್ಯ ಅಲ್ವಾ?" ಎಂದಳು. ಅಪ್ಪಯ್ಯ ಹೌದೆಂದರು. "ಭಾನುವಾರ ಪುಷ್ಯ ಬಂದರೆ ಕಣ್ಣು ಮುಚ್ಚಿ ಒಳ್ಳೆಯ ಕೆಲಸ ಮಾಡಬಹುದು ಅಂತ ದೊಡ್ಡಮ್ಮ ಹೇಳ್ತಿದ್ದರು. ಏಳಿ, ಹೋಗುವ."

ಹೀಗೆ ನಾವು, ಅಷ್ಟು ದೂರ ಬಂದು, ಅಂಥ ನೀರಿನ ಎದುರು ಮಧ್ಯಾಹ್ನವಿಡೀ ಕೂತು, ಒಂದು ಹೆಬ್ಬೆರಳನ್ನೂ ಅದ್ದದೆ ಎದ್ದು ಬಂದೆವು. ನಾನು ಬಸ್ಸಿನವರೆಗೂ ಅತ್ತೆ. ಯಾರೂ ಕೇಳಲಿಲ್ಲ.

ಬಸ್ಸು ಐದೂವರೆಗೇ ತಂದು ಮುಟ್ಟಿಸಿತು. ಭಾನುವಾರದ ರಾಹುಕಾಲ ನಾಲ್ಕೂವರೆಯಿಂದ ಆರು. ಆದ್ದರಿಂದ ನಮ್ಮದೇ ಬಾಡಿಗೆ ಮನೆಯ ಗೇಟಿನ ಹೊರಗೆ, ಬೀದಿಯಲ್ಲಿ, ನಾವು ಮೂವರೂ ನೆಂಟರ ಹಾಗೆ ನಿಂತೆವು. ಭಾರ್ಗವಿಯಮ್ಮ ದೀಪ ಹಚ್ಚಲು ಬೀಗದ ಕೈ ತೆಗೆದುಕೊಂಡು ಹಿತ್ತಿಲ ಬಾಗಿಲಿನಿಂದ ಒಳಗೆ ಹೋದರು. ಅವರು ಪರರ ಮನೆಯವರು, ಅವರಿಗೆ ದೋಷ ಇಲ್ಲ ಎಂದು ಅಮ್ಮನ ತೀರ್ಪು. ದಾರಿಯಲ್ಲಿ ಹೋಗುವ ಅಪ್ಪಯ್ಯನ ಸಹೋದ್ಯೋಗಿಯೊಬ್ಬರು ಸೈಕಲ್ ಇಳಿದು, "ಎಂತ ಸಾರೇ, ಬೀಗದ ಕೈ ಕಳೆಯಿತಾ?" ಎಂದರು.

"ಇಲ್ಲ."

"ಮತ್ತೆ? ಎಲ್ಲಿಗಾದರೂ ಹೊರಟಿರಾ?"

"ಇಲ್ಲ. ಬರ್ತಾ ಇದ್ದೇವೆ," ಎಂದರು ಅಪ್ಪಯ್ಯ ಗಂಭೀರವಾಗಿ. ಸಹೋದ್ಯೋಗಿ ಎರಡು ಸಲ ತಿರುಗಿ ನೋಡಿ ಸೈಕಲ್ ಹತ್ತಿದರು.

ಆರು ಕಳೆದು ಐದು ನಿಮಿಷಕ್ಕೆ ಬಾಗಿಲು ತೆರೆಯಿತು. ಭಾರ್ಗವಿಯಮ್ಮ ದೀಪ ಹಿಡಿದು ನಿಂತಿದ್ದರು. ಅಮ್ಮ ಬಲಗಾಲಿಟ್ಟು ಒಳಗೆ ಬಂದಳು. ಹಾಲು ಇಟ್ಟು, ಅದು ಉಕ್ಕಿ ಒಲೆಗೆ ಸುರಿಯುವವರೆಗೆ ಯಾರನ್ನೂ ಮಾತಾಡಲು ಬಿಡಲಿಲ್ಲ.

ಆದರೆ ಊರಿಗೆ ಹೋಗುವ ಮಾತು ಏನಾಯಿತು? ಅದನ್ನು ಅಮ್ಮ ಎತ್ತಲಿಲ್ಲ. ಅಪ್ಪಯ್ಯನಿಗೆ ಕೇಳುವ ಧೈರ್ಯ ಇಲ್ಲ. ಕೇಳಿದರೆ ಹೌದಲ್ಲ, ಹೋಗ್ಬೇಕಲ್ಲ ಎಂದು ಅವಳಿಗೆ ನೆನಪಾದರೆ! ಅವರು ದಿನಾ ಬೆಳಿಗ್ಗೆ ಬಗ್ಗಿ ಮಂಚದ ಕೆಳಗಿನ ಟ್ರಂಕು ಸರಿದಿದೆಯೋ ಎಂದು ನೋಡುತ್ತಿದ್ದರು. ನಾನು ಅವರ ಹಿಂದೆಯೇ ಬಗ್ಗಿ ನೋಡುತ್ತಿದ್ದೆ. ಅಮ್ಮ ಬೇಲಿಯ ಹತ್ತಿರ ಅರ್ಧ ಗಂಟೆ ನಿಲ್ಲತೊಡಗಿದ್ದಳು, ಅದು ನಿಜ. ಅವರವರ ಭಾಷೆಯಲ್ಲಿ ಅವರವರು ಹೇಳುವುದು, ಯಾರಿಗೂ ಉತ್ತರ ಬೇಕಾಗಿರಲಿಲ್ಲ. ಆದರೆ ಹೊರಡುವ ಮೊದಲು ಹೆಂಗಸರು ಎಲ್ಲರ ಹತ್ತಿರವೂ ಚೆನ್ನಾಗಿಯೇ ಮಾತಾಡುತ್ತಾರಲ್ಲ. ಪರೀಕ್ಷೆ ಮುಗಿಯಿತು. ಶಾಲೆಗೆ ರಜೆ ಬಂತು. ವಿಷುವಿಗೆ ವಾರ ಉಳಿಯಿತು. ಟ್ರಂಕು ಅಲ್ಲೇ ಇತ್ತು, ಅಮ್ಮ ಬಾಯಿ ಬಿಡಲಿಲ್ಲ.

ಅಷ್ಟರಲ್ಲಿ ಅಮಾವಾಸ್ಯೆ ಬಂತು. ಅಪ್ಪಯ್ಯ ರಜೆ ಹಾಕಿದರು. ಈ ಸಲ ಬೆಳ್ಳಂಬೆಳಿಗ್ಗೆಯೇ ಹೋದೆವು. ಕೆಲಸದ ದಿನವಾದ್ದರಿಂದ ಪತ್ರೋಸಜ್ಜನ ದೋಣಿ ನೀರಿನಲ್ಲಿತ್ತು, ಬಂಡೆಗಳ ಆಚೆ ಎಲ್ಲೋ.

ಅಮ್ಮ ಕೈ ಮುಗಿದು, ನೀರು ಮುಟ್ಟಿ ಕಣ್ಣಿಗೊತ್ತಿಕೊಂಡು ಇಳಿದಳು. ಅಭ್ಯಾಸದಂತೆ ಮುಳುಗಿ, ತೆರೆ ಬರುತ್ತದೆಂದು ಧಡಕ್ಕನೆ ಎದ್ದಳು. ತೆರೆ ಬರಲಿಲ್ಲ. ಇನ್ನೊಮ್ಮೆ ಮುಳುಗಿದಳು. ಏಳಿ ಎನ್ನುವವರಿಲ್ಲ, ಎಳೆಯುವ ಕೈಗಳಿಲ್ಲ. ಒಂದು ಗಳಿಗೆ ಏನು ಮಾಡುವುದೆಂದು ತಿಳಿಯದೆ ಸುತ್ತ ನೋಡಿದಳು. ಆಮೇಲೆ, ಅಂಗಳದಲ್ಲಿ ಚಾಪೆ ಹಾಕಿ ಕೂತ ಹಾಗೆ, ನೀರಿನಲ್ಲಿ ಕೂತುಬಿಟ್ಟಳು. ಕುತ್ತಿಗೆಯವರೆಗೆ ನೀರು, ಸುತ್ತ ಉಬ್ಬಿದ ಸೀರೆ. ಪಕ್ಕದಲ್ಲಿ ಭಾರ್ಗವಿಯಮ್ಮ. ಬೇಲಿಯೊಂದು ಇಲ್ಲ, ಉಳಿದದ್ದೆಲ್ಲ ಅದೇ: ಇವಳು ಕನ್ನಡದಲ್ಲಿ ದೊಡ್ಡಮ್ಮನ ಕತೆ, ಅವರು ಮಲಯಾಳದಲ್ಲಿ ಅತ್ತೆಯ ಕತೆ. ಇಬ್ಬರೂ ಒಂದೇ ಜಾಗದಲ್ಲಿ ನಗುತ್ತಿದ್ದರು. ನಾನು ಅವರ ಸುತ್ತ ಕಪ್ಪೆಯ ಹಾಗೆ ಹಾರಿ ಹಾರಿ ಕೈಯೆಲ್ಲ ಸುಕ್ಕಾಯಿತು.

ಅಪ್ಪಯ್ಯ ದಡದಲ್ಲಿ, ನೆನೆಯದ ಪಂಚೆಯಲ್ಲಿ, ಆಗಾಗ ಕೈಗಡಿಯಾರ ನೋಡುತ್ತ ನಿಂತಿದ್ದರು. ಒಂದು ಬಸ್ಸು ಹೋಯಿತು. ಇನ್ನೊಂದೂ ಹೋಗಿರಬೇಕು. ಕೊನೆಗೆ ಅಮ್ಮ ಅವರ ಕಡೆ ತಿರುಗಿದಳು. ಅವರು, ಹೊರಡುವ ಎನ್ನುತ್ತಾಳೆ ಎಂದು ಟವೆಲು ಬಿಡಿಸಿದರು.

"ಇನ್ನೊಂದು ಅಮಾವಾಸ್ಯೆ ಯಾವಾಗ?" ಎಂದಳು ಅಮ್ಮ.

ಅಪ್ಪಯ್ಯ ಎಣಿಸಿದರು. ಎಣಿಸಿ, ಹೇಳಲೋ ಬೇಡವೋ ಎಂದು ಸ್ವಲ್ಪ ತಡೆದರು. "ವಿಷು ಕಳೆದು ಮೂರು ವಾರಕ್ಕೆ," ಎಂದರು ಮೆಲ್ಲಗೆ.

"ಹಾಗಾದರೆ ರಜೆ ಈಗಲೇ ಬರೆದು ಕೊಡಿ. ಆಮೇಲೆ ಸಿಕ್ಕಲಿಲ್ಲ ಅಂತ ಹೇಳುವುದು ಬೇಡ," ಎಂದು ಅಮ್ಮ ಭಾರ್ಗವಿಯಮ್ಮನ ಕಡೆ ತಿರುಗಿ ಕತೆ ಮುಂದುವರಿಸಿದಳು.

ಅಪ್ಪಯ್ಯ ಟವೆಲನ್ನು ಬಂಡೆಯ ಮೇಲೆ ಇಟ್ಟರು. ಪಂಚೆಯನ್ನು ಎತ್ತಿ ಕಟ್ಟಿದರು. ಆಮೇಲೆ, ಗಡಿಯಾರ ಬಿಚ್ಚುವುದನ್ನೂ ಮರೆತು, ಎದೆಮಟ್ಟದವರೆಗೆ ನೀರಿಗೆ ನಡೆದುಕೊಂಡೇ ಬಂದರು.